ಸ್ಟೆಪ್ನಿ ಹೂತ ರಾತ್ರಿ

ಟೈರಿನಲ್ಲಿ ಇದ್ದದ್ದು 35 ಪಿಎಸ್‌ಐ. ಇಳಿಸಬೇಕಾದ್ದು 20ಕ್ಕೆ.

ಭಾವ ಗೇಜು ಹಿಡಿದು ಕುಕ್ಕರುಗಾಲಲ್ಲಿ ಕೂತರು. ನಾನು ವಾಲ್ವಿನ ಪಿನ್ನು ಒತ್ತಿದೆ. ಬಿಸಿಗಾಳಿ ಬುಸುಗುಟ್ಟಿತು. ಟೈರಿನ ಹೊಟ್ಟೆ ಉಬ್ಬಿತು, ತಳ ಅಗಲವಾಯಿತು, ಮರಳಿನ ಮೇಲೆ ಹರಡಿ ಕೂತಿತು. ನೋಡಿದವರು ನಾಲ್ಕೂ ಚಕ್ರ ಪಂಕ್ಚರ್ ಎನ್ನಬೇಕು. ಆದರೆ ಹೀಗೆ ಅಗಲವಾದ ಟೈರು ಮಾತ್ರ ಮರಳ ಮೇಲೆ ತೇಲುತ್ತದೆ. ಗಾಳಿ ಬಿಗಿದ ಟೈರು ಮರಳನ್ನು ಸೀಳಿ ಕೆಳಗಿಳಿಯುತ್ತದೆ. ಇಳಿದರೆ ಎತ್ತುವವರು ಯಾರೂ ಇಲ್ಲ.

ಎದುರಿಗೆ ಎರಡು ಗೀರು, ನಡುವೆ ಹುಲ್ಲು. ಬೊಟ್ಸ್ವಾನಾದ ರಾಕೋಪ್ಸ್ ಎಂಬ ಪುಟ್ಟ ಊರಿನಿಂದ ಮಾತ್ಸ್ವೆರೆ ಗೇಟಿಗೆ ಸುಮಾರು 45 ಕಿ.ಮೀ. ಗೇಟಿನಾಚೆ ಸೆಂಟ್ರಲ್ ಕಲಹಾರಿ ಗೇಮ್ ರಿಸರ್ವ್. ವಿಸ್ತೀರ್ಣ 52,800 ಚದರ ಕಿ.ಮೀ. ಬಂಡೀಪುರ ರಾಷ್ಟ್ರೀಯ ಉದ್ಯಾನದಂಥವು ಸುಮಾರು 60 ಅದರೊಳಗೆ ಹಿಡಿಯುತ್ತವೆ. ಇಡೀ ಕೇರಳವನ್ನು ಇಟ್ಟರೂ ಜಾಗ ಮಿಗುತ್ತದೆ. ದುಡ್ಡಿದ್ದವರು ಪುಟ್ಟ ವಿಮಾನದಲ್ಲಿ ಬಂದಿಳಿಯುವ ಒಂದೆರಡು ಐಷಾರಾಮಿ ಕ್ಯಾಂಪು ಬಿಟ್ಟರೆ ಒಳಗೆ ಅಂಗಡಿಯಿಲ್ಲ, ಬಂಕಿಲ್ಲ, ಗ್ಯಾರೇಜಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಕುಡಿಯುವ ನೀರಂತೂ ಹನಿಯೂ ಇಲ್ಲ.

ನಮ್ಮಲ್ಲಿ ಸಫಾರಿ ಎಂದರೆ ಟಿಕೆಟ್ಟು, ಸೀಟು, ಇಲಾಖೆಯ ಡ್ರೈವರು. ಹುಲಿ ಕಾಣದಿದ್ದರೆ ಬೈದುಕೊಂಡು ಹೋಟೆಲಿಗೆ ಬಂದು ಬೋಂಡಾ ತಿನ್ನುತ್ತೇವೆ. ಇಲ್ಲಿ ಡ್ರೈವರೂ ನೀವೇ, ಗೈಡೂ ನೀವೇ, ಮೆಕ್ಯಾನಿಕ್ಕೂ ನೀವೇ. ಪ್ರಾಣಿ ನೋಡಬೇಕೆಂದರೆ ಮೊದಲು ಗಾಡಿ ನೋಡಿಕೊಳ್ಳಬೇಕು. ಗಾಡಿ ನಿಂತರೆ ಪ್ರಾಣಿಗಳು ನಿಮ್ಮನ್ನು ನೋಡಲು ಬರುತ್ತವೆ!

ನಮ್ಮ ಹೈಲಕ್ಸ್ ಪಿಕಪ್ಪಿನಲ್ಲಿ ಮೂವರು. ರಾಜಧಾನಿ ಗ್ಯಾಬರೋನಿನಲ್ಲಿ ವರ್ಷಗಳಿಂದ ಲೆಕ್ಕಪತ್ರದ ಕೆಲಸದಲ್ಲಿರುವ ಭಾವ. ಅವರ ಸಹೋದ್ಯೋಗಿ, ರಾಕೋಪ್ಸ್ ಪಕ್ಕದ ಬೊಟೆಟಿ ನದಿ ದಂಡೆಯ ದನದ ದೊಡ್ಡಿಯಲ್ಲಿ ಬೆಳೆದವರು; ಅಲ್ಲಿನ ಮರ್ಯಾದೆಯಂತೆ ಭಾವ ಅವರನ್ನು 'ರ್ರಾ' ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೂರನೆಯವನು ನಾನು. ಹಿಂದೆ ಇಪ್ಪತ್ತು ಲೀಟರಿನ ಆರು ನೀರಿನ ಕ್ಯಾನು. ಮೇಲೆ ಇಪ್ಪತ್ತು ಲೀಟರಿನ ನಾಲ್ಕು ಡೀಸೆಲ್ ಕ್ಯಾನು. ಗ್ಯಾಬರೋನ್ ಬಿಡುವಾಗ ಟ್ಯಾಂಕಿನಲ್ಲಿ 80 ಲೀಟರ್. ನಾಲ್ಕಡಿ ಉದ್ದದ ಕಬ್ಬಿಣದ ಜಾಕು, ಎರಡು ಗುದ್ದಲಿ, ಸರಪಳಿ, ಎಳೆಯುವ ಬೆಲ್ಟು, ಬ್ಯಾಟರಿಗೆ ಸಿಕ್ಕಿಸುವ ಕಂಪ್ರೆಸರು. ಮಾಡಿನ ಮೇಲೆ ಮಡಚಿಟ್ಟ ಟೆಂಟು.

ಇದರ ಜೊತೆಗೆ ಒಂದು ಕೈ ಪಂಪು. ಗಿಡಕ್ಕೆ ಔಷಧಿ ಹೊಡೆಯುತ್ತಾರಲ್ಲ, ಅದೇ. ಐದು ಲೀಟರಿನದು. "ಇದ್ಯಾಕೆ ಭಾವ, ಇಲ್ಲೇನು ಅಡಿಕೆ ತೋಟ ಉಂಟಾ, ಬೋರ್ಡೋ ಹೊಡೆಯಕ್ಕೆ?" ಎಂದೆ.

"ಸುಮ್ನಿರು ಮಾರಾಯ. ಬೇಕಾದಾಗ ಗೊತ್ತಾಗ್ತದೆ."

ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಗೇಟಿನಲ್ಲಿ ದಪ್ಪ ರಿಜಿಸ್ಟರು. ಹೆಸರು, ಗಾಡಿ ನಂಬರು, ಹೋಗುವ ಕ್ಯಾಂಪು, ಹೊರಬರುವ ದಿನ. ನಮ್ಮ ಮೇಲಿನ ಸಾಲಿನ ತಾರೀಖು ನೋಡಿದೆ: ಎರಡು ದಿನ ಹಿಂದಿನದು. ಅಂದರೆ ಹೂತುಕೊಂಡರೆ ಮುಂದಿನ ಗಾಡಿ ಬರುವುದಕ್ಕೂ ಅಷ್ಟೇ ಹೊತ್ತು ಹಿಡಿದೀತು. ಕಾವಲುಗಾರ ರ್ರಾ ಜೊತೆ ಸೆಟ್ಸ್ವಾನಾದಲ್ಲಿ ಏನೋ ಹೇಳಿ ಪಶ್ಚಿಮದ ಕಡೆ ಕೈ ತೋರಿಸಿದ. ರ್ರಾ ತಲೆಯಾಡಿಸಿದರು. "ಪೈಪರ್ ಪ್ಯಾನ್ ಕಡೆ ಮೋಡ ಕಟ್ಟಿದೆಯಂತೆ."

ಫೆಬ್ರವರಿಯ ಕೊನೆ. ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಕಲಹಾರಿಯ ಉತ್ತರ ಭಾಗ ನೋಡಲು ಇದೇ ಕಾಲ. ಮಳೆ ಬಿದ್ದರೆ ಪ್ಯಾನುಗಳಲ್ಲಿ, ಅಂದರೆ ಒಣಗಿದ ಹಳೆಯ ಕೆರೆ ಪಾತ್ರಗಳಲ್ಲಿ, ಎಳೆ ಹುಲ್ಲು ಚಿಗುರುತ್ತದೆ. ಹುಲ್ಲಿಗೆ ಸ್ಪ್ರಿಂಗ್‌ಬಾಕ್ ಎಂಬ ಹುಲ್ಲೆಯ ಹಿಂಡು ಬರುತ್ತದೆ, ದೊಡ್ಡ ಹುಲ್ಲೆ ಜೆಮ್ಸ್‌ಬಾಕ್ ಬರುತ್ತದೆ. ಅವುಗಳ ಬೆನ್ನಿಗೆ ಚೀತಾ, ಕಂದು ಕತ್ತೆಕಿರುಬ, ಕಪ್ಪು ಕೇಸರದ ಸಿಂಹ. ಕಾಲ ಒಳ್ಳೆಯದೇ, ಆದರೆ ಹಾದಿ ಕೆಟ್ಟದು.

ಎರಡನೇ ಗೇರು. ಒಂದೇ ವೇಗ. ಸ್ಟೀರಿಂಗ್ ಸಡಿಲ ಹಿಡಿದು ಗಾಡಿಗೆ ಅದರ ಗೀರು ಹುಡುಕಿಕೊಳ್ಳಲು ಬಿಡಬೇಕು. ಓಡಿಸುತ್ತಿದ್ದವನು ನಾನು; ತಿರುವಿನಲ್ಲಿ ಭಯಬಿದ್ದು ಬ್ರೇಕಿನ ಮೇಲೆ ಕಾಲಿಟ್ಟೆ. "ಬ್ರೇಕ್ ಮುಟ್ಟಬೇಡ!" ಭಾವ ಕೂಗಿದರು. ಬ್ರೇಕ್ ಒತ್ತಿದರೆ ಚಕ್ರದ ಮುಂದೆ ಮರಳು ಗುಡ್ಡೆಯಾಗುತ್ತದೆ. ಆ ಗುಡ್ಡೆ ಹತ್ತಲು ಮತ್ತೆ ಎಕ್ಸಲರೇಟರ್ ತುಳಿಯಬೇಕು. ತುಳಿದರೆ ಚಕ್ರ ಸುತ್ತುತ್ತದೆ. ಸುತ್ತಿದರೆ ಗುಂಡಿ ತೋಡುತ್ತದೆ. ಬೆಳಗಿನ ತಂಪಿಗೆ ಗಟ್ಟಿಯಿದ್ದ ಮರಳು ಬಿಸಿಲೇರಿದಂತೆ ಸಡಿಲವಾಯಿತು. ಎಂಜಿನ್ ನರಳಿತು. ಲೀಟರಿಗೆ ಹತ್ತು ಕಿ.ಮೀ. ಕೊಡುತ್ತಿದ್ದ ಗಾಡಿ ಐದಕ್ಕೆ ಇಳಿಯಿತು.

ಹುಲ್ಲು ಬಾನೆಟ್ಟಿನ ಎತ್ತರ. ಬೀಜ ಕಟ್ಟಿ ಬಂಗಾರದ ಬಣ್ಣಕ್ಕೆ ತಿರುಗಿದ ಹುಲ್ಲು. ಚಂದ ಕಾಣುತ್ತಿತ್ತು. ಅದೇ ಶತ್ರು.

ಬೀಜಗಳು ರೇಡಿಯೇಟರಿನ ಸಂದಿಗೆ ತುಂಬುತ್ತವೆ, ಗಾಳಿ ನಿಲ್ಲುತ್ತದೆ, ಎಂಜಿನ್ ಕುದಿಯುತ್ತದೆ. ಅದಕ್ಕೆಂದೇ ಗ್ರಿಲ್ಲಿನ ಮುಂದೆ ಸಣ್ಣ ಕಣ್ಣಿನ ಬಲೆ ಕಟ್ಟಿದ್ದೆವು. ಪ್ರತಿ ಹತ್ತು ಕಿಲೋಮೀಟರಿಗೆ ಇಳಿದು ಕೊಡವಿದೆವು. ಉಷ್ಣಾಂಶದ ಮುಳ್ಳು ನಡುವೆಯೇ ನಿಂತಿತು. ಗೆದ್ದೆವು ಎಂದುಕೊಂಡೆವು.

ಆಗ ವಾಸನೆ ಬಂತು.

ಗದ್ದೆಯಲ್ಲಿ ಕೂಳೆ ಸುಟ್ಟ ವಾಸನೆ. ಮೊದಲು ರ್ರಾ ಮೂಗು ಅರಳಿಸಿದರು. ಆಮೇಲೆ ಗೇರಿನ ಬುಡದಿಂದ ನೂಲಿನಷ್ಟು ಹೊಗೆ ಎದ್ದಿತು. "ನಿಲ್ಲಿಸು! ಹುಲ್ಲಿಲ್ಲದ ಕಡೆ ನಿಲ್ಲಿಸು!" ಹುಲ್ಲಿಲ್ಲದ ಕಡೆ ಎಲ್ಲಿ? ಎಡಕ್ಕೆ ಹುಲ್ಲು, ಬಲಕ್ಕೆ ಹುಲ್ಲು, ಕೆಳಗೂ ಹುಲ್ಲು. ಐವತ್ತು ಮೀಟರ್ ಮುಂದೆ ಕಾಡುಹಂದಿಯೋ ಮುಳ್ಳುಹಂದಿಯೋ ಕೆದರಿದ ಬೋಳು ಮರಳು ಕಂಡಿತು. ಅಲ್ಲಿಗೆ ನುಗ್ಗಿಸಿದೆ.

ರ್ರಾ ಗಾಡಿ ಪೂರ್ತಿ ನಿಲ್ಲುವ ಮೊದಲೇ ಹಾರಿದರು. ಬೆನ್ನ ಮೇಲೆ ಮಲಗಿ ಅಡಿಗೆ ಜಾರಿದರು. ಸೈಲೆನ್ಸರ್ ಪೈಪಿಗೂ ಅದರ ತಗಡಿಗೂ ನಡುವೆ ಒಣಹುಲ್ಲು ಗಿಡಿದು ಕೂತು ಕೆಂಡವಾಗಿತ್ತು. ಅದರಿಂದ ಒಂದು ಗೇಣು ದೂರದಲ್ಲಿ ಡೀಸೆಲ್ ಕೊಳವೆ. ಬಾಗಿಸಿದ ಕಬ್ಬಿಣದ ತಂತಿಯಿಂದ ರ್ರಾ ಎಳೆದರು, ಎಳೆದಷ್ಟೂ ಕಿಡಿ ಉದುರಿತು, ಅವರ ಶರ್ಟಿನ ಮೇಲೇ ಉದುರಿತು. ಭಾವ ಪಂಪಿನ ಪಿಸ್ಟನ್ ನಾಲ್ಕು ಸಲ ಒತ್ತಿ ನಳಿಕೆಯನ್ನು ತಗಡಿನ ಸಂದಿಗೆ ತೂರಿಸಿದರು. ಬಕೆಟಿನಿಂದ ಎರಚಿದ್ದರೆ ಆ ಸಂದಿಗೆ ಒಂದು ಲೋಟವೂ ಹೋಗುತ್ತಿರಲಿಲ್ಲ. ಪಂಪಿನ ನೀರು ಸೂಜಿಯಂತೆ ಒಳಹೊಕ್ಕಿತು. ಉಸ್ಸೆಂದು ಹಬೆ.

ಎರಡು ಲೀಟರಿನಲ್ಲಿ ಬೆಂಕಿ ಆರಿತು. ರ್ರಾ ಎದ್ದು ಶರ್ಟಿನ ತೂತುಗಳಿಗೆ ಬೆರಳು ತೂರಿಸಿ ನೋಡಿಕೊಂಡರು. ಕಲಹಾರಿಯಲ್ಲಿ ಹೀಗೆ ಸುಟ್ಟು ಅಸ್ಥಿಪಂಜರವಾದ ಗಾಡಿಗಳ ಕಥೆ ಅವರಿಗೆ ಬೇಕಾದಷ್ಟು ಗೊತ್ತಿತ್ತು. ದಾರಿಯುದ್ದಕ್ಕೂ ಹೇಳಿದರು.

ನಾನು ಬೋರ್ಡೋ ಮಾತು ಮತ್ತೆ ಎತ್ತಲಿಲ್ಲ.

ಸಂಜೆಗೆ ಡಿಸೆಪ್ಷನ್ ವ್ಯಾಲಿ ಮುಟ್ಟಿದೆವು. ಎಂದೋ ಹರಿದು ಬತ್ತಿದ ನದಿಯ ಪಾತ್ರ. ಈಗ ಹಸಿರು ಹಾಸು, ಅಲ್ಲಲ್ಲಿ ದ್ವೀಪದಂತೆ ಮರಗಳ ಗುಂಪು. 1974ರಲ್ಲಿ ಮಾರ್ಕ್ ಮತ್ತು ಡೆಲಿಯಾ ಓವೆನ್ಸ್ ಎಂಬ ಅಮೆರಿಕದ ದಂಪತಿ ಇದ್ದುದನ್ನೆಲ್ಲ ಮಾರಿ, ಹಲವು ಕೈ ದಾಟಿದ ಒಂದು ಮುದಿ ಲ್ಯಾಂಡ್ ರೋವರ್ ಹೊಡೆದುಕೊಂಡು ಇಲ್ಲಿಗೆ ಬಂದರು. ಮರಗಳ ಒಂದು ಗುಂಪಿನಡಿ ಬಿಡಾರ ಹೂಡಿದರು. ಏಳು ವರ್ಷ ಇದ್ದರು! ಸಿಂಹ, ಕಂದು ಕತ್ತೆಕಿರುಬಗಳ ಹಿಂದೆ ಬಿದ್ದು ಅಧ್ಯಯನ ಮಾಡಿದರು. 1984ರಲ್ಲಿ ಬಂದ 'ಕ್ರೈ ಆಫ್ ದಿ ಕಲಹಾರಿ' ಪುಸ್ತಕ ಈ ಕಣಿವೆಯನ್ನು ಜಗತ್ತಿಗೆ ಪರಿಚಯಿಸಿತು. ರಿಸರ್ವಿನ ಉತ್ತರದ ಕಾಲುಬಾಯಿ ಜ್ವರದ ಬೇಲಿಗೆ ಅಡ್ಡ ಸಿಕ್ಕಿ, ನೀರು ಹುಡುಕಿ ಹೊರಟ ವೈಲ್ಡ್‌ಬೀಸ್ಟ್‌ಗಳು 80ರ ದಶಕದ ಬರದಲ್ಲಿ ಹತ್ತಾರು ಸಾವಿರ ಸಂಖ್ಯೆಯಲ್ಲಿ ಸತ್ತದ್ದನ್ನು ಹೊರಗೆ ಸಾರಿದವರಲ್ಲಿ ಇವರೂ ಸೇರಿದ್ದರು. ಅವರ ಬಳಿ ಸ್ಯಾಟಲೈಟ್ ಫೋನಿರಲಿಲ್ಲ, ಮಾಡಿನ ಮೇಲೆ ಟೆಂಟಿರಲಿಲ್ಲ. ನೀರನ್ನು ಡ್ರಮ್ಮಿನಲ್ಲಿ ಹೊತ್ತು ತರುತ್ತಿದ್ದರು.

ಕ್ಯಾಂಪು ಎಂದರೆ ಒಂದು ನಂಬರಿನ ಕಂಬ, ಒಂದು ಗುಂಡಿ ಕಕ್ಕಸು, ಬಕೆಟ್ಟು ನೇತುಹಾಕಿ ಸ್ನಾನ ಮಾಡುವ ಒಂದು ಮರೆ. ಬೇಲಿ ಇಲ್ಲ. ಕತ್ತಲಾಗುತ್ತಲೇ ಮರಳೊಳಗಿನ ಹಲ್ಲಿಗಳು ಬಿಲದ ಬಾಯಿಗೆ ಬಂದು ಟಕ್ ಟಕ್ ಟಕ್ ಎಂದು ಕೂಗಲು ಹತ್ತಿದವು. ಒಂದು ನಿಂತರೆ ಇನ್ನೊಂದು. ಇಡೀ ಕಣಿವೆ ಟಕಟಕಿಸಿತು. ಚಿತ್ರಾನ್ನ ಕಲಸಿ ತಿಂದು ಟೆಂಟು ಹತ್ತಿದೆವು. ರ್ರಾ ಹಿಂದಿನ ಸೀಟಿನಲ್ಲಿ ಮಲಗಿದರು. ಅನುಭವಸ್ಥರು ತಗಡಿನೊಳಗೆ ಮಲಗುತ್ತಾರೆಂಬುದನ್ನು ಅಲ್ಲಿಯೇ ಗಮನಿಸಬೇಕಿತ್ತು.

ನಡುರಾತ್ರಿ ಸಿಂಹ ಕೂಗಿತು. ಗರ್ಜನೆ ಎಂಟು ಕಿಲೋಮೀಟರ್ ದೂರಕ್ಕೂ ಕೇಳುತ್ತದೆ ಎನ್ನುತ್ತಾರೆ. ಇದು ಎಂಟು ಕಿಲೋಮೀಟರ್ ದೂರದ್ದಲ್ಲ. ಏಣಿಯ ಕಬ್ಬಿಣ ನಡುಗಿತು. ಭಾವ ಪಿಸುಗುಟ್ಟಿದರು, "ಮಾರಾಯ, ನಂಗೆ ಒಂದಕ್ಕೆ ಹೋಗ್ಬೇಕು." ಹೋಗುವಂತಿರಲಿಲ್ಲ. ಅಷ್ಟರಲ್ಲಿ ಕೆಳಗೆ, ಟೆಂಟಿನ ಬುಡದಲ್ಲೇ, ಯಾರೋ ಏನನ್ನೋ ದರದರ ಎಳೆದುಕೊಂಡು ಹೊರಟರು.

ಬೆಳಕು ಹರಿದ ಮೇಲೆ ಹೆಜ್ಜೆ ನೋಡಿದೆವು. ಕಂದು ಕತ್ತೆಕಿರುಬ. ಮುಂಗಾಲು ದೊಡ್ಡದು, ಹಿಂಗಾಲು ಸಣ್ಣದು, ಮರಳಲ್ಲಿ ಅಚ್ಚೊತ್ತಿದಂತಿತ್ತು. ನಡುವೆ ಕ್ಯಾನು ಎಳೆದ ಗೆರೆ. ಗೆರೆ ಹಿಡಿದು ಗಾಡಿಯಲ್ಲೇ ಹೋದೆವು. ಇನ್ನೂರು ಮೀಟರ್ ಆಚೆ ಪೊದೆಯಲ್ಲಿ ನೀರಿನ ಕ್ಯಾನು ಬಿದ್ದಿತ್ತು. ಮೈಮೇಲೆ ಎರಡು ತೂತು. ಹನ್ನೆರಡು ಲೀಟರ್ ಮರಳಿಗೆ ಹೋಗಿತ್ತು.

ಕ್ಯಾನು ಎಸೆಯುವ ಹಾಗಿಲ್ಲ. ಭಾವ ಹಳೆ ಟ್ಯೂಬಿನ ತುಂಡು ಕತ್ತರಿಸಿದರು, ನಡುವೆ ಸ್ಕ್ರೂ ಚುಚ್ಚಿದರು, ತೂತಿಗೆ ತಿರುವಿ ಬಿಗಿದರು. ರಬ್ಬರು ಹಿಂಡಿಕೊಂಡು ಕೂತಿತು. ತಲೆಕೆಳಗು ಮಾಡಿದರೂ ಹನಿ ಉದುರಲಿಲ್ಲ.

ನೀರು ಎಣಿಸುವಾಗ ರ್ರಾ ಒಂದು ಮಾತು ಹೇಳಿದರು: "ಇಲ್ಲಿ ಜನ ಇದ್ದರು." ಸಾವಿರಾರು ವರ್ಷಗಳಿಂದ ಸಾನ್ ಜನರ ನೆಲ ಇದು. ಮರಳಿನಲ್ಲಿ ಕೊಳವೆ ಇಳಿಸಿ ನೀರು ಹೀರುತ್ತಿದ್ದರು, ಆಸ್ಟ್ರಿಚ್ ಮೊಟ್ಟೆಯ ಚಿಪ್ಪಿನಲ್ಲಿ ತುಂಬಿಡುತ್ತಿದ್ದರು, ಗಡ್ಡೆ ಮತ್ತು ತ್ಸಮ್ಮಾ ಕಲ್ಲಂಗಡಿಯ ರಸದಲ್ಲಿ ತಿಂಗಳುಗಟ್ಟಲೆ ಬದುಕುತ್ತಿದ್ದರು. 1961ರಲ್ಲಿ ರಿಸರ್ವ್ ಮಾಡುವಾಗ ಅವರ ಬದುಕು ಉಳಿಯಲಿ ಎಂಬುದೂ ಒಂದು ಉದ್ದೇಶವಾಗಿತ್ತು. 1997ರಲ್ಲಿ, ಮತ್ತೆ 2002ರಲ್ಲಿ ಸರ್ಕಾರ ಅವರನ್ನು ಹೊರಗೆ ಸಾಗಿಸಿತು. ಕೊಳವೆಬಾವಿ ಮುಚ್ಚಿತು. 2006ರ ಡಿಸೆಂಬರಿನಲ್ಲಿ ಹೈಕೋರ್ಟ್ ಅವರ ಪರ ತೀರ್ಪಿತ್ತಿತು; ನೀರಿನ ಹಕ್ಕು ಸಿಗಲು 2011ರವರೆಗೆ ಮತ್ತೊಂದು ಮೊಕದ್ದಮೆ ಬೇಕಾಯಿತು. ನಮ್ಮದು ಕ್ಯಾನು ಹೊತ್ತು ತಂದ ಸಾಹಸ. ಸಾಹಸ ಎಂಬ ಮಾತು ಅವರ ಮುಂದೆ ಆಡುವ ಧೈರ್ಯ ನನಗಿಲ್ಲ.

ಹೊರಟೆವು. ಗುರಿ ಪೈಪರ್ ಪ್ಯಾನ್, ಎಪ್ಪತ್ತೈದು ಕಿ.ಮೀ. ಚಿಲ್ಲರೆ.

ಮಧ್ಯಾಹ್ನದ ಬಿಸಿಲು ನಲವತ್ತರ ಹತ್ತಿರ. ಬಯಲಿನ ನಡುವೆ ನೆರಳಿಲ್ಲದ ಕಡೆ ಒಂದು ಜೆಮ್ಸ್‌ಬಾಕ್ ನಿಂತಿತ್ತು. ಕತ್ತಿಯಂಥ ನೇರ ಕೊಂಬು, ಮುಖಕ್ಕೆ ಕಪ್ಪು ಪಟ್ಟಿ. ಅದರ ಮೈ ಬಿಸಿ 45 ಡಿಗ್ರಿ ಮುಟ್ಟಿದರೂ ಅದು ಸಾಯುವುದಿಲ್ಲ. ಉಸಿರಾಟದಿಂದ ಮೂಗಿನಲ್ಲಿ ತಂಪಾದ ರಕ್ತ, ಮೆದುಳಿಗೆ ಹೋಗುವ ಬಿಸಿ ರಕ್ತದ ಪಕ್ಕದಲ್ಲೇ ಹರಿದು ಅದನ್ನು ತಣಿಸುತ್ತದೆ. ಎಂಥ ರೇಡಿಯೇಟರು! ಬೀಜ ತುಂಬಿಕೊಳ್ಳುವ ಭಯವೂ ಇಲ್ಲ.

ಲೆಟಿಯಾಹಾವು ಎಂಬ ಒಣ ಕಣಿವೆ ದಾಟಿದ ಮೇಲೆ ತರಕರಡಿ ಸಿಕ್ಕಿತು. ನಮ್ಮ ಕಾವೇರಿ ವನ್ಯಧಾಮದಲ್ಲೂ ಇದು ಇದೆ. ಕ್ಯಾಮೆರಾ ಟ್ರ್ಯಾಪಿಗೆ ಬಿದ್ದಿದೆಯೇ ಹೊರತು ಕಂಡವರು ಕಡಿಮೆ. ಇಲ್ಲಿ ಹಗಲಲ್ಲೇ, ಗಾಡಿಯಿಂದ ಹದಿನೈದು ಹೆಜ್ಜೆಯಲ್ಲಿ, ಉಗುರಿನಿಂದ ಮರಳು ಚಿಮ್ಮಿಸುತ್ತ ಅಗೆಯುತ್ತಿತ್ತು. ಪಕ್ಕದ ಕುರುಚಲಿನ ಮೇಲೆ ಬೂದು ಗಿಡುಗವೊಂದು ಕಾದು ಕೂತಿತ್ತು. ಕರಡಿ ತಲೆ ಪೂರ್ತಿ ಒಳಗೆ ತೂರಿಸಿತು. ಬಿಲದ ಇನ್ನೊಂದು ಬಾಯಿಯಿಂದ ಇಲಿ ಚಂಗನೆ ಹಾರಿತು. ಗಿಡುಗ ಬಿದ್ದಿತು, ಎತ್ತಿತು, ಹೋಯಿತು. ತರಕರಡಿ ಮಣ್ಣು ಮೆತ್ತಿದ ಮುಖ ಎತ್ತಿ ಆಚೀಚೆ ನೋಡಿ, ಏನೂ ಆಗಿಲ್ಲವೆಂಬಂತೆ ಮುಂದಿನ ಬಿಲಕ್ಕೆ ಹೊರಟಿತು. ಅಲ್ಲೇ ಗಂಟೆಗಟ್ಟಲೆ ನಿಲ್ಲಬಹುದಿತ್ತು.

ಪಶ್ಚಿಮ ಮಾತ್ರ ಕಪ್ಪಾಗುತ್ತಿತ್ತು.

ಪೈಪರ್ ಪ್ಯಾನಿನ ಅಂಚಿಗೆ ಬರುವಾಗ ನಾಲ್ಕೂವರೆ. ಮೊದಲು ಗಾಳಿ, ಆಮೇಲೆ ಧೂಳಿನ ಗೋಡೆ, ಅದರ ಹಿಂದೆಯೇ ನೀರು. ಕಲಹಾರಿಯ ಮಳೆ ಹನಿಯಾಗಿ ಶುರುವಾಗುವುದಿಲ್ಲ, ಸುರಿಯುತ್ತದೆ. ವೈಪರ್ ಸೋತಿತು. ಗೀರು ನೀರಿನಡಿ ಮುಚ್ಚಿಹೋಯಿತು. ಪ್ಯಾನಿನ ನೆಲ ಮರಳಲ್ಲ, ಜೇಡಿ. ಒಣಗಿದಾಗ ಟಾರು ರಸ್ತೆ, ನೆನೆದಾಗ ಬೆಣ್ಣೆ. ಗಾಡಿಯ ಹಿಂಭಾಗ ಎಡಕ್ಕೆ ಜಾರಿತು, ಮುಂಭಾಗ ಬಲಕ್ಕೆ. ಫೋರ್ ಲೋ ಹಾಕಿದೆ. ಡಿಫ್ ಲಾಕ್ ಒತ್ತಿದೆ. ನಾಲ್ಕೂ ಚಕ್ರ ಒಟ್ಟಿಗೆ ತಿರುಗಿದವು, ಒಟ್ಟಿಗೆ ಇಳಿದವು.

ಅರ್ಧ ಗಂಟೆಯಲ್ಲಿ ಮಳೆ ನಿಂತಿತು. ಬಾಗಿಲು ತೆರೆದೆ. ಮೆಟ್ಟಿಲಿಗೇ ಕೆಸರು ತಾಗಿತ್ತು. ಆಕ್ಸಲ್ ಕಾಣಲಿಲ್ಲ.

ನಮ್ಮ ಸ್ಯಾಟಲೈಟ್ ಫೋನಿನಲ್ಲಿ ಒಂದು ಗೆರೆ ಚಾರ್ಜು. ಭಾವ ಅದನ್ನು ಮುಟ್ಟಲು ಬಿಡಲಿಲ್ಲ. "ಅದು ಪ್ರಾಣಕ್ಕೆ ಬಂದಾಗ. ಕೆಸರಿಗಲ್ಲ."

ರ್ರಾ ಮಾಡು ಹತ್ತಿ ದುರ್ಬೀನು ತಿರುಗಿಸಿದರು. ಒಂದು ಕಡೆ ನಿಲ್ಲಿಸಿದರು. ಇಳಿಸಲಿಲ್ಲ.

"ಸಿಂಹ. ಐದು. ಆ ಮರಗಳ ಬುಡ. ಮುನ್ನೂರು ಮೀಟರ್."

ಕೆಲಸ ಹಂಚಿಕೆಯಾಯಿತು. ರ್ರಾ ಮೇಲೆ ಕಾವಲು, ಐದು ನಿಮಿಷಕ್ಕೊಮ್ಮೆ ದೂರ ಕೂಗಬೇಕು. ನಾವಿಬ್ಬರು ಕೆಳಗೆ, ಬಾಗಿಲು ನಾಲ್ಕೂ ತೆರೆದು. ಜಾಕಿನಡಿ ಹಲಗೆ ಕೊಟ್ಟೆವು; ಹಲಗೆ ಮುಳುಗಿತು. ಅದರ ಮೇಲೆ ಅಡಿಗೆ ಡಬ್ಬಿಯ ಮುಚ್ಚಳ ಕೊಟ್ಟೆವು, ನಿಂತಿತು. ಒಂದೊಂದೇ ಚಕ್ರ ಎತ್ತಿ ಅಡಿಗೆ ಕುರುಚಲು ಕೊಂಬೆ, ಕಾಲೊರಸು, ಭಾವನ ಜಮಖಾನ, ಎಲ್ಲ ತುರುಕಿದೆವು. ಗಾಳಿ 14ಕ್ಕೆ ಇಳಿಸಿದೆವು. ಸ್ಟಾರ್ಟ್. ಹಿಮ್ಮುಖ. ಜಮಖಾನ ನುಂಗಿಕೊಂಡು ಚಕ್ರ ಮತ್ತೆ ಅಲ್ಲೇ ಕೂತಿತು.

"ಇನ್ನೂರೈವತ್ತು," ಮೇಲಿಂದ ದನಿ. "ಎರಡು ಎದ್ದಿವೆ."

ಗಾಡಿ ತಾನಾಗಿ ಬರುವುದಿಲ್ಲ. ಎಳೆಯಬೇಕು. ಎಳೆಯಲು ಆಧಾರ ಬೇಕು. ಸುತ್ತ ಮರವಿಲ್ಲ, ಬಂಡೆಯಿಲ್ಲ. ಕಣ್ಣು ಹಾಯುವಷ್ಟು ಬಟಾಬಯಲು. ಇರುವ ಮರದಡಿ ಸಿಂಹ.

ಆಗ ಭಾವ ಸ್ಟೆಪ್ನಿ ಬಿಚ್ಚಿದರು.

ಹನ್ನೆರಡು ಮೀಟರ್ ಹಿಂದೆ ಪ್ಯಾನಿನ ಅಂಚು, ಮರಳಿನ ದಿಬ್ಬ. ಅಲ್ಲಿ ಗುಂಡಿ. ಮೂರಡಿ ಆಳ, ಚಕ್ರದಷ್ಟು ಅಗಲ, ಗಾಡಿಯ ಕಡೆಗೆ ಒಂದು ಕಿರುಗಾಲುವೆ. ಸ್ಟೆಪ್ನಿಯ ನಡುವಿನ ತೂತಿಗೆ ಕಬ್ಬಿಣದ ಹಾರೆ ಅಡ್ಡ ಇಟ್ಟು ಸರಪಳಿ ಬಿಗಿದು, ಚಕ್ರವನ್ನು ನೆಟ್ಟಗೆ ನಿಲ್ಲಿಸಿ ಹೂತು ತುಳಿದೆವು. ಸರಪಳಿ ಕಾಲುವೆಯಲ್ಲಿ ಹೊರಬಂತು. ಅದರ ತುದಿಗೆ ಜಾಕು, ಜಾಕಿನ ಇನ್ನೊಂದು ತುದಿಗೆ ಬೆಲ್ಟು, ಬೆಲ್ಟು ಗಾಡಿಯ ಹಿಂದಿನ ಕೊಕ್ಕೆಗೆ. ಎತ್ತುವ ಜಾಕನ್ನು ಮಲಗಿಸಿದರೆ ಎಳೆಯುವ ಯಂತ್ರ. ಹಿಡಿ ಒತ್ತಿದಂತೆಲ್ಲ ಹಲ್ಲು ಹಲ್ಲಾಗಿ ಮುಂದೆ ಸರಿಯುತ್ತದೆ. ಕಟ್. ಕಟ್. ಕಟ್. ಒಂದು ಸಲಕ್ಕೆ ಒಂದು ಮೀಟರ್ ಮಾತ್ರ. ಆಮೇಲೆ ಇನ್ನೊಂದು ಸರಪಳಿಯಲ್ಲಿ ಗಾಡಿ ತಡೆದಿಟ್ಟು, ಜಾಕು ಹಿಂದಕ್ಕೆ ಎಳೆದು, ಮತ್ತೆ ಕಟ್ಟಿ, ಮತ್ತೆ ಒತ್ತಬೇಕು.

ಕತ್ತಲಾಯಿತು.

ಬೆಲ್ಟು ಬಿಗಿದು ಗುಂಯ್ಗುಟ್ಟಿತು. ತುಂಡಾದರೆ ಕಾಲು ಮುರಿಯುವಷ್ಟು ಬಲ. ಅದಕ್ಕೆ ನಡುವೆ ಒದ್ದೆ ಕಂಬಳಿ ಹಾಕಿದ್ದೆವು. ಸ್ಟೆಪ್ನಿಯ ಮೇಲಿನ ಮಣ್ಣು ಬಿರುಕು ಬಿಟ್ಟಿತು. ಉಬ್ಬಿತು. ಭಾವ ಓಡಿ ಅದರ ಮೇಲೆ ನಿಂತರು. "ಒತ್ತು! ಒತ್ತು ಮಾರಾಯ!" ಒತ್ತಿದೆ. ಕೆಸರು ಒಳಗಿಂದ ಪಚಕ್ಕೆಂದಿತು. ಗಾಡಿ ಒಂದು ಗೇಣು ಹಿಂದೆ ಬಂತು.

"ನೂರ ಇಪ್ಪತ್ತು," ರ್ರಾ ಟಾರ್ಚು ಆಡಿಸಿದರು. ಎರಡು ಹಸಿರು ಚುಕ್ಕಿ. ನಾಲ್ಕು. "ನಿಧಾನ ಬರುತ್ತಿವೆ."

ಎರಡನೇ ಮೀಟರ್. ಮೂರನೆಯದು. ಅಂಗೈ ಸುಲಿಯಿತು. ಹಿಡಿ ಜಾರಿ ಗದ್ದದ ಪಕ್ಕ ಹಾರಿಹೋಯಿತು, ಕೂದಲೆಳೆಯಲ್ಲಿ ಹಲ್ಲು ಉಳಿಯಿತು.

"ಎಪ್ಪತ್ತು. ಒಳಗೆ ಬನ್ನಿ. ಈಗ!"

ಬಿದ್ದೆದ್ದು ಒಳಗೆ ನುಗ್ಗಿದೆವು. ರ್ರಾ ಕಿಟಕಿಯಿಂದಲೇ ಜಾರಿಬಂದರು. ಬಾಗಿಲು ಬಡಿದವು. ಟಾರ್ಚಿನ ಅಂಚಿನಲ್ಲಿ ಎರಡು ಹೆಣ್ಣು ಸಿಂಹ ಹಾದುಹೋದವು, ಬೆಲ್ಟು ಮೂಸಿದವು. ಒಂದು ಅದಕ್ಕೆ ಹಲ್ಲು ಹಚ್ಚಿ ನೋಡಿತು. ನಮ್ಮ ಇಡೀ ರಾತ್ರಿಯ ದುಡಿಮೆ ಅದರ ಬಾಯಲ್ಲಿತ್ತು. ಹಾರ್ನ್ ಹೊಡೆದೆ. ಕಿವಿ ಹಿಂದೆ ಮಾಡಿ ನೋಡಿತು, ಬೆಲ್ಟು ಬಿಟ್ಟಿತು, ಕತ್ತಲಿಗೆ ಸರಿಯಿತು. ಅರ್ಧ ಗಂಟೆ ಕಾದೆವು. ದೂರದಲ್ಲಿ ಸ್ಪ್ರಿಂಗ್‌ಬಾಕ್ ಹಿಂಡು ಚದುರಿದ ಸದ್ದು. ಸಿಂಹಗಳಿಗೆ ಬೇರೆ ಕೆಲಸ ಸಿಕ್ಕಿತ್ತು. ಮತ್ತೆ ಇಳಿದೆವು.

ಆರನೇ ಮೀಟರಿಗೆ ಹಿಂಚಕ್ರ ಗಟ್ಟಿ ನೆಲ ಕಚ್ಚಿತು. ಭಾವ ಸೀಟಿಗೆ ಹಾರಿದರು, ರಿವರ್ಸ್ ಹಾಕಿದರು, ಎಂಜಿನ್ ಬೊಬ್ಬೆ ಹೊಡೆಯಿತು. ಕೆಸರು ನನ್ನ ಮುಖ, ಬಾಯಿ, ಕಿವಿ ತುಂಬಿತು. ಗಾಡಿ ದಿಬ್ಬದ ಮೇಲೆ ನಿಂತಿತು. ರಾತ್ರಿ ಎರಡು ಗಂಟೆ. ಸ್ಟೆಪ್ನಿ ಅಗೆದು ತೆಗೆಯಲು ಯಾರಿಗೂ ಕೈಯಿರಲಿಲ್ಲ. ಸೀಟಿನಲ್ಲೇ ಒರಗಿದೆವು.

ಕಣ್ಣು ಬಿಟ್ಟಾಗ ಬೆಳಕು. ರ್ರಾ ನನ್ನ ತೋಳು ಹಿಂಡುತ್ತಿದ್ದರು.

ನಮ್ಮ ಗಾಡಿ ಕೂತಿದ್ದ ಗುಂಡಿಯಲ್ಲಿ ಮಳೆ ನೀರು ತುಂಬಿತ್ತು. ಅದರ ಅಂಚಿನಲ್ಲಿ ಗಂಡು ಸಿಂಹ. ಕೇಸರ ಕತ್ತಿನಲ್ಲಿ ಕಂದು, ಎದೆಗಿಳಿದಂತೆ ಕಡುಕಪ್ಪು. ಮುಂಗಾಲು ಮಡಚಿ, ಮೊಣಕೈ ಎತ್ತಿ, ಗದ್ದ ನೀರಿಗೆ ತಾಗಿಸಿ ಕುಡಿಯುತ್ತಿತ್ತು. ಲಪ್, ಲಪ್, ಲಪ್. ನಾಲಗೆಯ ಮುಳ್ಳು ಕಾಣುವಷ್ಟು ಹತ್ತಿರ. ಮೂಗಿನ ಮೇಲೆ ಹಳೆಯ ಗಾಯದ ಗೆರೆ, ಒಂದು ಹುಬ್ಬಿನಲ್ಲಿ ಜೇಡಿ. ಈ ಸಿಂಹಗಳು ತಿಂಗಳುಗಟ್ಟಲೆ ನೀರಿಲ್ಲದೆ, ಬೇಟೆಯ ರಕ್ತ ಮಾಂಸದ ತೇವದಲ್ಲೇ ಬದುಕುತ್ತವೆ. ಸಿಕ್ಕಿದಾಗ ಬಿಡುವುದಿಲ್ಲ. ಹಿಂದೆ ಹೆಣ್ಣುಗಳು ಸರದಿಗೆ ಕಾದಿದ್ದವು, ಮೂತಿಗೆ ರಕ್ತ ಮೆತ್ತಿತ್ತು. ಗಂಡು ಕುಡಿದು ಮುಗಿಸಿತು, ತಲೆ ಕೊಡವಿತು. ನೇರ ನಮ್ಮ ಸ್ಟೆಪ್ನಿ ಹೂತ ದಿಬ್ಬಕ್ಕೆ ಬಂದು, ಬಾಲ ಎತ್ತಿ ಅದರ ಮೇಲೆ ಸರ್ರೆಂದು ಗುರುತು ಹಾಕಿ ಮಲಗಿತು.

ಸ್ಟೆಪ್ನಿಗೆ ಹತ್ತೂವರೆಯವರೆಗೆ ಕಾದೆವು. ದೂರು ಕೊಡುವಂತಿರಲಿಲ್ಲ.

ಅದನ್ನು ಅಗೆದು ಮೇಲೆ ಕಟ್ಟುವಾಗ ರ್ರಾ ಕೈಗೆ ಎಣ್ಣೆ ಹತ್ತಿತು. ಡೀಸೆಲ್. ಕುಲುಕಾಟಕ್ಕೆ ಕ್ಯಾನೊಂದರ ಬೆಸುಗೆ ಸ್ಟ್ಯಾಂಡಿಗೆ ಉಜ್ಜಿ ಉಜ್ಜಿ ಸೀಳಿತ್ತು. ಇಪ್ಪತ್ತು ಲೀಟರಿನಲ್ಲಿ ಉಳಿದದ್ದು ಮೂರು. ಉಳಿದ ಕ್ಯಾನುಗಳನ್ನು ಆಗಲೇ ಟ್ಯಾಂಕಿಗೆ ಸುರಿದಾಗಿತ್ತು. ಭಾವ ಪುಸ್ತಕ ತೆಗೆದು ಲೆಕ್ಕ ಹಾಕಿದರು. ಇನ್ನೊಮ್ಮೆ ಹಾಕಿದರು. ಲೆಕ್ಕದವರು ಎರಡು ಸಲ ಕೂಡಿದರೆ ಸುದ್ದಿ ಒಳ್ಳೆಯದಿಲ್ಲ ಎಂದರ್ಥ.

ಎಸಿ ಬಂದ್. ಬೆಳಗಿನ ತಂಪಿನಲ್ಲಿ ಮಾತ್ರ ಓಟ. ಎಲ್ಲೂ ಅಡ್ಡದಾರಿಯಿಲ್ಲ. ಡಿಸೆಪ್ಷನ್‌ನಲ್ಲಿ ದಾರಿ ಪಕ್ಕ ಚೀತಾ ಕೂತಿದ್ದರೂ ಎಂಜಿನ್ ಆರಿಸಿಯೇ ನೋಡಿದೆವು. ಗೇಟು ದಾಟಿದೆವು, ಮರಳು ದಾಟಿದೆವು. ಟಾರು ಸಿಕ್ಕಿದಲ್ಲಿ ಕಂಪ್ರೆಸರು ಹಾಕಿ ನಾಲ್ಕೂ ಟೈರಿಗೆ 35 ತುಂಬಿದೆವು. ಮೆತ್ತನೆ ಟೈರು ಟಾರಿನ ಮೇಲೆ ಡೀಸೆಲ್ ಕುಡಿಯುತ್ತದೆ. ರಾಕೋಪ್ಸಿನ ಬಂಕಿನಲ್ಲಿ ಹುಡುಗ ಕೈ ಅಲ್ಲಾಡಿಸಿದ. ಡೀಸೆಲ್ ಇಲ್ಲ. ಟ್ಯಾಂಕರ್ ನಾಳೆಯೋ ನಾಡಿದ್ದೋ.

ಮುಂದಿನ ಖಾತ್ರಿ ಬಂಕು ಲೆಟ್ಲಹಕಾನೆ. ನೂರು ಕಿಲೋಮೀಟರಿಗೂ ಹೆಚ್ಚು.

ಅರವತ್ತರ ವೇಗ. ಕಿಟಕಿ ಮುಚ್ಚಿ, ಬೆವರು ಸುರಿಸಿ. ರಸ್ತೆಯಲ್ಲಿ ಕತ್ತೆ ಕಂಡರೆ ಅರ್ಧ ಕಿಲೋಮೀಟರ್ ಮೊದಲೇ ಕಾಲೆತ್ತಿ, ಬ್ರೇಕ್ ಒತ್ತದೆ, ಉರುಳುತ್ತ. ಒರಾಪಾ ವಜ್ರದ ಗಣಿಯ ಮಣ್ಣುಗುಡ್ಡೆಗಳು ಕಂಡಾಗ ಮುಳ್ಳು ಕೆಳಗಿನ ಗೆರೆಗೂ ಕೆಳಗಿತ್ತು. ಕೆಂಪು ದೀಪ ಹೊತ್ತಿ ಯುಗವಾಗಿತ್ತು. ಯಾರೂ ಮಾತಾಡಲಿಲ್ಲ. ಲೆಟ್ಲಹಕಾನೆಯ ಮೊದಲ ಬಂಕಿನ ಇಳಿಜಾರಿಗೆ ಭಾವ ಗಾಡಿಯನ್ನು ನ್ಯೂಟ್ರಲ್‌ನಲ್ಲೇ ಬಿಟ್ಟರು.

ಪಂಪಿನ ಮೀಟರು ಓಡಿತು. ಎಪ್ಪತ್ತಾರು. ಎಪ್ಪತ್ತೇಳು. ನಳಿಕೆ ಟಕ್ ಎಂದಿತು: 78.6 ಲೀಟರ್. ಟ್ಯಾಂಕು 80ರದ್ದು.

ಭಾವ ಮೀಟರನ್ನೇ ನೋಡುತ್ತ ನಿಂತರು. ರ್ರಾ ಒಮ್ಮೆ ಬಗ್ಗಿ ಓದಿದರು. "ಇನ್ನೂ ಹದಿನಾಲ್ಕು ಕಿಲೋಮೀಟರ್ ಬರುತ್ತಿತ್ತು. ಊರೊಳಗಿನ ಬಂಕಿನಲ್ಲಿ ಚಹಾ ಚೆನ್ನಾಗಿರುತ್ತದೆ," ಎಂದವರೇ ತೂತು ಬಿದ್ದ ಶರ್ಟಿನಲ್ಲೇ ಅಂಗಡಿಯ ಕಡೆ ನಡೆದರು.